ಸಹಿ ಬಂತು, ಓದು ಬಂತೇ?

ಜನಗಣತಿಯ ಪ್ರಕಾರ ಸಾಕ್ಷರರೆಂದರೆ ಏಳು ವರ್ಷ ತುಂಬಿದ, ಯಾವುದಾದರೂ ಒಂದು ಭಾಷೆಯನ್ನು ಅರ್ಥಮಾಡಿಕೊಂಡು ಓದಬಲ್ಲ, ಬರೆಯಬಲ್ಲ ವ್ಯಕ್ತಿ. ಓದಲು ಬಂದು ಬರೆಯಲು ಬಾರದವರು ಈ ಲೆಕ್ಕಕ್ಕೆ ಸೇರುವುದಿಲ್ಲ. ವ್ಯಾಖ್ಯಾನವೇನೋ ಬಿಗಿಯಾಗಿಯೇ ಇದೆ. ಸಡಿಲವಿರುವುದು ಅಳತೆಯಲ್ಲಿ. ಗಣತಿಗೆ ಬಂದ ಮೇಷ್ಟ್ರು ಬಾಗಿಲಲ್ಲಿ ನಿಂತು, ಮನೆಯಲ್ಲಿ ಆ ಹೊತ್ತಿಗೆ ಯಾರಿದ್ದಾರೋ ಅವರನ್ನು ಕೇಳುತ್ತಾರೆ. ‘ಹ್ಞೂ, ಓದ್ತಾಳೆ’ ಅಂದರೆ ಒಂದು ಸಂಕೇತ, ‘ಇಲ್ಲ ಬಿಡಿ, ಹೆಬ್ಬೆಟ್ಟು’ ಅಂದರೆ ಇನ್ನೊಂದು. ಪತ್ರಿಕೆಯೊಂದನ್ನು ಕೈಗಿತ್ತು ಎರಡು ಸಾಲು ಓದಿಸಿ ನೋಡುವಷ್ಟು ಪುರುಸೊತ್ತು ಯಾರಿಗಿದೆ? ಸೊಸೆಯ ಬಗ್ಗೆ ಅತ್ತೆ ಹೇಳಿದ್ದು, ಅತ್ತೆಯ ಬಗ್ಗೆ ಮೊಮ್ಮಗ ಹೇಳಿದ್ದು ಸೇರಿ ರಾಜ್ಯದ ಸಾಕ್ಷರತೆಯ ಪ್ರಮಾಣವಾಗುತ್ತದೆ.

ಹಾಗೆ ಬಂದ ಅಂಕಿಗಳೇ ನಮಗಿರುವ ಆಧಾರ, ಅವೂ ಹಳತಾಗಿವೆ. 2011ರಲ್ಲಿ ಕರ್ನಾಟಕದ ಸಾಕ್ಷರತೆ ಶೇ. 75.36. ಗಂಡಸರಲ್ಲಿ ಶೇ. 82.47, ಹೆಂಗಸರಲ್ಲಿ ಶೇ. 68.08. ದಕ್ಷಿಣ ಕನ್ನಡ ಶೇ. 88ರ ಮೇಲಿದ್ದರೆ ಯಾದಗಿರಿ ಶೇ. 52ನ್ನೂ ಮುಟ್ಟಿರಲಿಲ್ಲ. ಯಾದಗಿರಿಯ ಹೆಣ್ಣುಮಕ್ಕಳಲ್ಲಂತೂ ಓದು ಬಲ್ಲವರು ನೂರಕ್ಕೆ ನಲವತ್ತರ ಆಸುಪಾಸು. ಒಂದೇ ರಾಜ್ಯ, ಒಂದೇ ಸರ್ಕಾರ, ಒಂದೇ ಪಠ್ಯಪುಸ್ತಕ ಇದ್ದೂ ಇಷ್ಟು ಅಂತರ. 2021ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲ. 2027ರದ್ದು ಮುಗಿದು ಲೆಕ್ಕ ಹೊರಬೀಳುವವರೆಗೆ ಎಲ್ಲರೂ ಇದೇ ಹಳೆಯ ಅಂಕಿ ಹಿಡಿದು ಮಾತಾಡಬೇಕು. ಹದಿನೈದು ವರ್ಷ ದಾಟಿದ ಅನಕ್ಷರಸ್ಥರು 2011ರಲ್ಲಿ ಇಡೀ ದೇಶದಲ್ಲಿ 25.76 ಕೋಟಿ. ಅವರಲ್ಲಿ 16.68 ಕೋಟಿ ಮಂದಿ ಹೆಂಗಸರು.

ವಯಸ್ಕರ ಶಿಕ್ಷಣದ ಚರಿತ್ರೆ ಓದಿದಾಗ ನನಗೆ ಮತ್ತೆ ಮತ್ತೆ ಕಾಣುವುದು ಒಂದೇ ಸಂಗತಿ. ಅಕ್ಷರ ಕಲಿಸುವುದು ನಮಗೆ ಬಂದಿದೆ, ಹಲವು ಸಲ ಚೆನ್ನಾಗಿಯೇ ಮಾಡಿದ್ದೇವೆ. ಕಲಿತವರು ಮಾರನೆಯ ವರ್ಷ ಏನನ್ನು ಓದಬೇಕು ಎಂದು ಯೋಚಿಸಿದ್ದು ಮಾತ್ರ ಬಹಳ ಅಪರೂಪ. ಯೋಚಿಸಿದ ಕೆಲವರಲ್ಲಿ ನಮ್ಮವರೂ ಇದ್ದರು.

ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರ ಅವಧಿಯಲ್ಲಿ ಮೈಸೂರು ಸಂಸ್ಥಾನದ ಹಳ್ಳಿಗಳಲ್ಲಿ ವಯಸ್ಕರ ತರಗತಿಗಳು, ಸಂಚಾರಿ ಪುಸ್ತಕಾಲಯಗಳು ಶುರುವಾದವು. ಅವರು ಹುದ್ದೆ ಬಿಟ್ಟ ಮೇಲೆ ಆ ಕೆಲಸ ಸೊರಗಿತು. 1940ರ ದಶಕದ ಆರಂಭದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು, ಅಧ್ಯಾಪಕರು ಸಂಜೆ ಹೊತ್ತು ಸ್ಲೇಟು ಹಿಡಿದು ಹೊರಟರು. ಆ ಉತ್ಸಾಹವೇ ಬೆಳೆದು ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿಯಾಯಿತು. ಸಮಿತಿಯವರು ತರಗತಿ ನಡೆಸಿದ್ದರಲ್ಲಿ ಹೊಸತೇನಿಲ್ಲ, ಬೇರೆ ಪ್ರಾಂತಗಳಲ್ಲೂ ರಾತ್ರಿ ಶಾಲೆಗಳಿದ್ದವು. ಇವರು ಮಾಡಿದ ಜಾಣತನವೆಂದರೆ ಕಲಿತವರಿಗೆಂದೇ ಪತ್ರಿಕೆ ತಂದದ್ದು. ‘ಬೆಳಕು’ ಹೊಸದಾಗಿ ಅಕ್ಷರ ಕಲಿತವರ ವಾರಪತ್ರಿಕೆ. ‘ಪುಸ್ತಕ ಪ್ರಪಂಚ’ ಸ್ವಲ್ಪ ಮುಂದುವರಿದವರಿಗೆ ಮಾಸಪತ್ರಿಕೆ. ಜೊತೆಗೆ ಸಣ್ಣ ಸಣ್ಣ ಪುಸ್ತಕಗಳು, ಹಳ್ಳಿಯ ವಾಚನಾಲಯಗಳು. 1947ರಲ್ಲಿ ನಂಜನಗೂಡಿನಲ್ಲಿ ವಿದ್ಯಾಪೀಠ ತೆರೆದರು. ಡೆನ್ಮಾರ್ಕಿನ ಜನತಾ ಶಾಲೆಗಳ ಮಾದರಿಯಲ್ಲಿ ರೈತರ ಮಕ್ಕಳು ಅಲ್ಲೇ ಇದ್ದು ಬೇಸಾಯ, ಪಂಚಾಯಿತಿ, ಸಹಕಾರ ಸಂಘದ ವ್ಯವಹಾರ ಕಲಿಯುವ ಏರ್ಪಾಡು ಅದು. ವಾರಕ್ಕೊಮ್ಮೆ ದಪ್ಪ ಅಕ್ಷರದ ನಾಲ್ಕು ಪುಟ ಮನೆಗೆ ಬರುತ್ತದೆ ಎಂದರೆ ಅಕ್ಷರ ಮರೆಯಲು ಬಿಡುವೇ ಇರುವುದಿಲ್ಲ. ಮುಂದಿನ ದಶಕಗಳಲ್ಲಿ ದೇಶದಲ್ಲಿ ಕೋಟಿಗಟ್ಟಲೆ ಖರ್ಚಾಯಿತು, ಆದರೆ ಇಷ್ಟು ಸರಳವಾದ ಈ ಉಪಾಯವನ್ನು ಅದೇ ಪ್ರಮಾಣದಲ್ಲಿ ಯಾರೂ ಕೈಗೆತ್ತಿಕೊಳ್ಳಲಿಲ್ಲ. ಅದು ನನಗೆ ಇಂದಿಗೂ ಬಗೆಹರಿಯದ ವಿಷಯ.

ಸ್ವಾತಂತ್ರ್ಯಾನಂತರದ ಯೋಜನೆಗಳನ್ನು ಬೇಗ ದಾಟಿ ಹೋಗಬಹುದು. 1978ರ ಗಾಂಧಿ ಜಯಂತಿಯಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಶುರುವಾಯಿತು. ಸಂಬಳದ ಬೋಧಕ, ಲಾಟೀನು, ಹಾಜರಿ ಪುಸ್ತಕ ಎಲ್ಲವೂ ಇದ್ದವು, ಎಷ್ಟೋ ಕೇಂದ್ರಗಳಲ್ಲಿ ಕಲಿಯುವವರೇ ಇರಲಿಲ್ಲ. 1988ರ ಮೇ ತಿಂಗಳಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂತು. ಅದಕ್ಕೆ ಜೀವ ತುಂಬಿದ್ದು ದಿಲ್ಲಿಯಲ್ಲ, ಕೇರಳದ ಎರ್ನಾಕುಲಂ ಜಿಲ್ಲೆ.

ಎರ್ನಾಕುಲಂನಲ್ಲಿ ಜಿಲ್ಲಾಧಿಕಾರಿಯ ಕಚೇರಿ ಮತ್ತು ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಕೈಜೋಡಿಸಿದವು. ಸಂಬಳದ ಬೋಧಕರ ಬದಲು ಸಾವಿರಾರು ಸ್ವಯಂಸೇವಕರು ಬಂದರು, ಬೀದಿ ಬೀದಿಯಲ್ಲಿ ಕಲಾಜಾಥಾ ನಡೆಯಿತು. ವಯಸ್ಸಾದವರಿಗೆ ಅಕ್ಷರ ಹತ್ತದಿರುವುದಕ್ಕೆ ಕಣ್ಣು ಮಂಜಾಗಿರುವುದೂ ಕಾರಣ ಎಂದು ಗೊತ್ತಾಗಿ ತಪಾಸಣೆ ಮಾಡಿಸಿ ಕನ್ನಡಕ ಕೊಡಿಸಿದರು. ಚಿಕ್ಕ ಸಂಗತಿಯಂತೆ ಕಾಣುತ್ತದೆ. ನಲವತ್ತು ದಾಟಿದವರಿಗೆ ಸಣ್ಣ ಅಕ್ಷರದ ಪುಸ್ತಕ ಕೊಟ್ಟು, ಓದಲಿಲ್ಲವೆಂದು ದಡ್ಡರ ಪಟ್ಟ ಕಟ್ಟಿದ ಕೇಂದ್ರಗಳು ಎಷ್ಟಿರಬಹುದೋ. 1990ರ ಫೆಬ್ರುವರಿಯಲ್ಲಿ ಎರ್ನಾಕುಲಂ ದೇಶದ ಮೊದಲ ಪೂರ್ಣ ಸಾಕ್ಷರ ಜಿಲ್ಲೆಯಾಯಿತು. 1991ರ ಏಪ್ರಿಲ್ 18ರಂದು ಕೋಳಿಕ್ಕೋಡಿನ ಮೈದಾನದಲ್ಲಿ ಇಡೀ ಕೇರಳ ಸಾಕ್ಷರವಾಯಿತೆಂದು ಘೋಷಿಸಿದ್ದು ಚೇಲಕ್ಕೋಡನ್ ಆಯಿಷಾ ಎಂಬ, ಆಗಷ್ಟೇ ಅಕ್ಷರ ಕಲಿತಿದ್ದ ಮಹಿಳೆ.

ಆ ಗಾಳಿ ಕರ್ನಾಟಕಕ್ಕೂ ಬೀಸಿತು. ದಕ್ಷಿಣ ಕನ್ನಡ, ವಿಜಾಪುರ ಜಿಲ್ಲೆಗಳು ಮೊದಲ ಸಾಲಿನಲ್ಲಿದ್ದವು. ಭಾರತ ಜ್ಞಾನ ವಿಜ್ಞಾನ ಸಮಿತಿಯ ಜಾಥಾಗಳು ಹಾಡು, ನಾಟಕ ಹೊತ್ತು ಊರೂರು ಸುತ್ತಿದವು. ಕಾಲೇಜು ಹುಡುಗರು, ಶಾಲಾ ಶಿಕ್ಷಕರು, ಏಳನೇ ಕ್ಲಾಸು ಓದಿದ ಸೊಸೆಯಂದಿರು ಕಲಿಸಲು ಕೂತರು. ಆ ಕಾಲದ ಹುರುಪನ್ನು ಕಂಡವರು ಈಗಲೂ ಅದರ ಮಾತೆತ್ತಿದರೆ ಬೇಗ ನಿಲ್ಲಿಸುವುದಿಲ್ಲ. 1991ರಲ್ಲಿ ಶೇ. 56.04 ಇದ್ದ ರಾಜ್ಯದ ಸಾಕ್ಷರತೆ 2001ಕ್ಕೆ ಶೇ. 66.64ಕ್ಕೆ ಏರಿತು. ಈ ಏರಿಕೆಯಲ್ಲಿ ಆಂದೋಲನದ ಪಾಲೆಷ್ಟು, ಶಾಲೆಗೆ ಹೋದ ಮಕ್ಕಳು ದೊಡ್ಡವರಾಗಿ ಲೆಕ್ಕಕ್ಕೆ ಬಂದದ್ದೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ನನ್ನ ಅನುಮಾನ, ದೊಡ್ಡ ಪಾಲು ಮಕ್ಕಳದ್ದೇ. ಅಪ್ಪ ಅಮ್ಮನಿಗೆ ಅಕ್ಷರ ಕಲಿಸುವ ಗದ್ದಲದ ನಡುವೆ ಮಕ್ಕಳನ್ನು ಶಾಲೆಗೆ ಸೇರಿಸುವ ಮನಸ್ಸು ಮಾಡಿದ ಮನೆಗಳೂ ಬಹಳ.

ಆ ಹೊತ್ತಿನ ಅತಿ ದೊಡ್ಡ ಪಾಠ ಬಂದದ್ದು ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆಯಿಂದ. ಅಲ್ಲಿ ಅಕ್ಷರ ಕಲಿತವರ ಮುಂದುವರಿದ ಓದಿಗೆಂದು ತಯಾರಿಸಿದ ವಾಚಿಕೆಯಲ್ಲಿ ಸೀತಮ್ಮನೆಂಬ ಹೆಂಗಸಿನ ಕಥೆಯಿತ್ತು. ಊರಿನ ಹೆಂಗಸರನ್ನು ಸೇರಿಸಿ ಸಾರಾಯಿ ಅಂಗಡಿ ಮುಚ್ಚಿಸುವವಳ ಕಥೆ. ದೂಬಗುಂಟ ಎಂಬ ಹಳ್ಳಿಯ ಹೆಂಗಸರು ಪಾಠ ಓದಿದರು, ಚರ್ಚೆ ಮಾಡಿದರು, ಪುಸ್ತಕ ಮಡಚಿಟ್ಟು ತಮ್ಮೂರ ಅಂಗಡಿ ಮುಚ್ಚಿಸಿದರು. ಆ ಸುದ್ದಿಯನ್ನೇ ಇನ್ನೊಂದು ಪಾಠ ಮಾಡಿ ಉಳಿದ ಊರುಗಳಿಗೆ ಹಂಚಿದರು. 1992ರ ಹೊತ್ತಿಗೆ ಜಿಲ್ಲೆಯ ತುಂಬ ಸಾರಾಯಿ ಹರಾಜು ನಡೆಸುವುದೇ ಕಷ್ಟವಾಯಿತು. 1993ರ ಅಕ್ಟೋಬರಿನಲ್ಲಿ ಆಂಧ್ರದಲ್ಲಿ ಸಾರಾಯಿ ನಿಂತಿತು, 1995ರಲ್ಲಿ ಪೂರ್ಣ ಪಾನನಿಷೇಧವೇ ಬಂತು. ಅದು ಬಹುಕಾಲ ಉಳಿಯಲಿಲ್ಲ ಎಂಬುದು ಬೇರೆ ಮಾತು. ಅಬಕಾರಿ ಆದಾಯಕ್ಕೆ ಕೈಹಾಕುವ ಪಾಠಪುಸ್ತಕ ಆಮೇಲೆ ಯಾವ ಇಲಾಖೆಯಿಂದಲೂ ಹೊರಬಂದದ್ದು ನನಗೆ ಕಾಣೆ. ಈಚಿನ ವಾಚಿಕೆಗಳಲ್ಲಿ ಶೌಚಾಲಯ, ಸಸಿ ನೆಡುವುದು, ಉಳಿತಾಯ ಖಾತೆ ಇತ್ಯಾದಿ ಯಾರಿಗೂ ಇರುಸುಮುರುಸಾಗದ ವಿಷಯಗಳೇ ಹೆಚ್ಚು. ತಮಿಳುನಾಡಿನ ಪುದುಕ್ಕೋಟೆಯಲ್ಲಿ ಅದೇ ವರ್ಷಗಳಲ್ಲಿ ಅಕ್ಷರದ ಜೊತೆ ಹೆಂಗಸರಿಗೆ ಸೈಕಲ್ಲು ಕಲಿಸಿದರು, ಸಾವಿರಾರು ಮಂದಿ ಕಲಿತರು. ನೀರು ತರಲು, ಕ್ವಾರಿ ಕೆಲಸಕ್ಕೆ ಹೋಗಲು ಸೈಕಲ್ಲು ಬೇಕಿತ್ತು. ಹಾಗಾಗಿ ಮರೆಯಲಿಲ್ಲ.

ಕರ್ನಾಟಕದಲ್ಲಿ ಈ ಜಾಡು ಹಿಡಿದದ್ದು ಮಹಿಳಾ ಸಮಾಖ್ಯ. 1989ರಲ್ಲಿ ಕರ್ನಾಟಕ, ಗುಜರಾತ್, ಉತ್ತರ ಪ್ರದೇಶಗಳಲ್ಲಿ ಶುರುವಾದ ಈ ಕಾರ್ಯಕ್ರಮದಲ್ಲಿ ಮೊದಲು ಅಕ್ಷರವಿರಲಿಲ್ಲ, ಸಂಘವಿತ್ತು. ಹೆಂಗಸರು ಸೇರಿ ಕೂಲಿ, ಕುಡಿಯುವ ನೀರು, ಗಂಡನ ಹೊಡೆತದ ಬಗ್ಗೆ ಮಾತಾಡಲಿ, ಓದು ಬೇಕೆಂದು ಅವರಾಗಿ ಕೇಳಿದಾಗ ಕಲಿಸೋಣ ಎಂಬ ನಿಲುವು. ತಾಳ್ಮೆ ಬೇಡುವ ಕೆಲಸ, ವರದಿಯ ಕೋಷ್ಟಕಕ್ಕೆ ಹೊಂದುವುದಿಲ್ಲ. ಸಂಘದ ಉಳಿತಾಯದ ಪುಸ್ತಕ ಬರೆಯಲು ಗಂಡಸರ ಕೈ ಕಾಯಬೇಕಾದಾಗ, ಬ್ಯಾಂಕಿನಲ್ಲಿ ಯಾರೋ ಬರೆದದ್ದಕ್ಕೆ ಹೆಬ್ಬೆಟ್ಟೊತ್ತಿ ಮೋಸಹೋದಾಗ ಹೆಂಗಸರು ತಾವಾಗಿಯೇ ಸ್ಲೇಟು ಕೇಳಿದರು. ಮುಂದೆ ಸ್ತ್ರೀಶಕ್ತಿ ಗುಂಪುಗಳಲ್ಲೂ ನಡೆದದ್ದು ಇದೇ. ಬಡ್ಡಿ ಲೆಕ್ಕ ಕಲಿತವಳು ಅಕ್ಷರ ಬಿಟ್ಟರೂ ಅಂಕಿ ಬಿಡಲಿಲ್ಲ. 2010ರ ದಶಕದಲ್ಲಿ ಕೇಂದ್ರ ಸರ್ಕಾರ ಮಹಿಳಾ ಸಮಾಖ್ಯದಿಂದ ಕೈ ತೆಗೆಯಿತು.

ಈಗ ತರಗತಿಯೊಳಗೆ ಬರೋಣ. ದೊಡ್ಡವರಿಗೆ ಓದು ಏಕೆ ಇಷ್ಟು ತಡವಾಗಿ ಹತ್ತುತ್ತದೆ ಎಂಬುದರ ಬಗ್ಗೆ ಘೋಷಣೆಗಳು ಬಹಳ, ವಿಚಾರ ಕಡಿಮೆ. ಸುರಪುರ ತಾಲ್ಲೂಕಿನ ಹಳ್ಳಿಯೊಂದರ ಸಂಜೆ ತರಗತಿಯಲ್ಲಿ ನೋಡಿದ್ದನ್ನು ಹೇಳುತ್ತೇನೆ. ಐವತ್ತರ ಆಸುಪಾಸಿನ ಹೆಂಗಸು. ಪುಸ್ತಕದ ಪಾಠ ಬಾಯಿಪಾಠವಾಗಿದ್ದರಿಂದ ಕಲಿಸುವ ಹುಡುಗಿ ಎದುರಿನ ಗೋಡೆಯ ಬೋರ್ಡು ತೋರಿಸಿ ಓದಿಸಿದಳು. ನ್ಯಾಯಬೆಲೆ ಅಂಗಡಿ. ಆಕೆ ‘ನಾ’ ಅಂದಳು. ಕೆಳಗಿನ ‘ಯ’ ಒತ್ತು ನೋಡಿ ನಿಂತಳು, ಬೆರಳಿಂದ ಗಾಳಿಯಲ್ಲಿ ಒತ್ತು ಬರೆದು ನೋಡಿದಳು, ಅದನ್ನು ಬಿಟ್ಟು ‘ಯ’ ಎಂದು ಮುಂದೆ ಹೋದಳು. ‘ಬೆಲೆ’ ಬಂತು. ‘ಅಂ’ ಅನ್ನುತ್ತಲೇ ‘ಅಂಗಡಿ’ ಅಂತ ಮುಗಿಸಿಬಿಟ್ಟಳು, ಅದು ಓದಲ್ಲ, ಊಹೆ. ಆಮೇಲೆ ಹುಡುಗಿಯ ಮುಖ ನೋಡಿ ಕೇಳಿದಳು: ‘ಇದ ಸೊಸೈಟಿ ಅಲ್ಲೇನವಾ?’

ಹಳ್ಳಿಗಳಲ್ಲಿ ರೇಷನ್ ಅಂಗಡಿಗೆ ಅನ್ನುವುದೇ ಸೊಸೈಟಿ ಎಂದು. ನ್ಯಾಯಬೆಲೆ ಎಂಬ ಮಾತು ಇರುವುದು ಬೋರ್ಡಿನ ಮೇಲೆ ಮಾತ್ರ. ಆ ಐದು ನಿಮಿಷದಲ್ಲಿ ವಯಸ್ಕರ ಓದಿನ ಕಷ್ಟಗಳೆಲ್ಲ ಇದ್ದವು.

ಮೊದಲನೆಯದು ಲಿಪಿ. ಕನ್ನಡ ನುಡಿದಂತೆ ಬರೆಯುವ ಭಾಷೆ ಎಂದು ನಾವು ಹೆಮ್ಮೆಪಡುತ್ತೇವೆ. ಅದು ಬಹುಪಾಲು ನಿಜ. ಆದರೆ ಕಲಿಯುವವರ ಮುಂದಿರುವುದು 49 ಅಕ್ಷರವಲ್ಲ. ಕಾಗುಣಿತ ಸೇರಿದರೆ ನಾನೂರರ ಮೇಲಾಗುತ್ತದೆ, ಅದರ ಮೇಲೆ ಒತ್ತಕ್ಷರ. ‘ತ’ದ ಒತ್ತು ‘ತ’ದಂತಿಲ್ಲ, ‘ಮ’ದ ಒತ್ತು ‘ಮ’ದಂತಿಲ್ಲ. ಅರ್ಕಾವತ್ತಿನ ವಿಷಯವಂತೂ ಕೇಳಲೇ ಬೇಡಿ: ‘ಕರ್ನಾಟಕ’ ಎಂಬಲ್ಲಿ ‘ರ’ಕಾರ ಬಾಯಲ್ಲಿ ಮೊದಲು ಬರುತ್ತದೆ, ಕಾಗದದ ಮೇಲೆ ‘ನಾ’ ದಾಟಿದ ನಂತರ ಕಾಣುತ್ತದೆ. ಹೊಸ ಓದುಗರು ದಿನಾ ಹತ್ತುವ ಬಸ್ಸಿನ ಮೈಮೇಲೆ ರಾಜ್ಯದ ಹೆಸರೇ ಎಡವಿಸುತ್ತದೆ. ಕನ್ನಡ ಶಾಲೆಯ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ ತೋರಿಸಿರುವಂತೆ ಈ ಅಕ್ಷರ ಸಂಪತ್ತು ಕೈವಶವಾಗಲು ಮಕ್ಕಳಿಗೇ ಹಲವು ವರ್ಷ ಹಿಡಿಯುತ್ತದೆ. ಹೊಲದಿಂದ ಬಂದು, ರೊಟ್ಟಿ ಬಡಿದು, ದನ ಕಟ್ಟಿ, ರಾತ್ರಿ ಎಂಟಕ್ಕೆ ಬಂದು ಕೂರುವವರಿಗೆ ಕೊಟ್ಟ ಅವಧಿ ಎಷ್ಟು? ಸಾಕ್ಷರತಾ ಮಿಷನ್ನಿನ ಲೆಕ್ಕ ಸುಮಾರು 200 ತಾಸು.

ಎರಡನೆಯದು ವೇಗ. ಮಿಷನ್ನಿನ ಮಾನದಂಡದ ಪ್ರಕಾರ ನಿಮಿಷಕ್ಕೆ 30 ಪದ ಗಟ್ಟಿಯಾಗಿ, 35 ಪದ ಮನಸ್ಸಿನಲ್ಲಿ ಓದಬೇಕು. ನೋಡಿ ಬರೆಯುವುದು 7 ಪದ, ಹೇಳಿದ್ದನ್ನು ಬರೆಯುವುದು 5 ಪದ. ವಿಶ್ವಬ್ಯಾಂಕಿನಲ್ಲಿದ್ದ ಹೆಲೆನ್ ಅಬಾಡ್ಜಿ ಮಿದುಳಿನ ಅಧ್ಯಯನಗಳನ್ನು ಆಧರಿಸಿ, ನಿಮಿಷಕ್ಕೆ ಕನಿಷ್ಠ 45ರಿಂದ 60 ಪದ ಓದದಿದ್ದರೆ ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಆರಂಭ ಮರೆತಿರುತ್ತದೆ ಎಂದು ವಾದಿಸಿದ್ದರು. ‘ಬರುತ್ತಿದ್ದಾಳಂತೆ’ ಎಂಬುದು ನಮಗೆ ಒಂದೇ ಪದವಾದ್ದರಿಂದ ಆ ಲೆಕ್ಕ ಕನ್ನಡಕ್ಕೆ ಹಾಗೇ ಹೊಂದುವುದಿಲ್ಲ. ಆದರೂ ಮಾತು ಸರಿಯೇ. ಅಕ್ಷರ ಅಕ್ಷರ ಕೂಡಿಸಿ ಓದುವವರಿಗೆ ಓದು ಬರೀ ಆಯಾಸ, ಅರ್ಥ ಕೈಗೆ ಹತ್ತುವುದಿಲ್ಲ. ಅರ್ಥ ಸಿಗದ ಕೆಲಸವನ್ನು ದೊಡ್ಡವರು ಬಿಡುತ್ತಾರೆ, ಬಿಟ್ಟರೆ ಒಂದೆರಡು ವರ್ಷದಲ್ಲಿ ಮರೆಯುತ್ತಾರೆ. ಕೊನೆಗೆ ಉಳಿಯುವುದು ಸಹಿ ಒಂದೇ. ಸಹಿಯನ್ನು ಓದುವ ಅಗತ್ಯವಿಲ್ಲ, ಚಿತ್ರದಂತೆ ಬಿಡಿಸಿದರೆ ಆಯಿತು.

ಇನ್ನು ಭಾಷೆ. ವಾಚಿಕೆಯಲ್ಲಿ ‘ಹೋಗಿದ್ದಾಳೆ’ ಎಂದಿದ್ದರೆ ರಾಯಚೂರಿನ ಹೆಂಗಸಿನ ಬಾಯಲ್ಲಿ ಇರುವುದು ‘ಹೋಗ್ಯಾಳ’. ಲಂಬಾಣಿ ತಾಂಡಾದಲ್ಲಿ, ಉರ್ದು ಆಡುವ ಓಣಿಯಲ್ಲಿ, ಕರಾವಳಿಯ ತುಳು ಮನೆಗಳಲ್ಲಿ ಲಿಪಿಯ ಜೊತೆ ಭಾಷೆಯನ್ನೂ ಕಲಿಯಬೇಕು. ಇದನ್ನೆಲ್ಲ ದಾಟಿ ಬಂದವರನ್ನು ಹೊರಗೆ ಕಾಯುತ್ತಿರುವುದು ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರುವಾಗುವ, ಫಲಾನುಭವಿ, ದೃಢೀಕರಣ, ಮುಚ್ಚಳಿಕೆ ತುಂಬಿದ ಕಚೇರಿ ಕನ್ನಡ. ಡಿಗ್ರಿ ಮಾಡಿದವರೂ ಎರಡು ಸಲ ಓದುವ ಈ ಕನ್ನಡವನ್ನು ಬದಲಿಸುವುದಕ್ಕೆ ಯಾವ ಅಭಿಯಾನವೂ ಬೇಕಿಲ್ಲ, ಒಂದು ಸುತ್ತೋಲೆ ಸಾಕು. ಆ ಸುತ್ತೋಲೆಯನ್ನೂ ಇದೇ ಕನ್ನಡದಲ್ಲಿ ಬರೆದಾರು ಎಂಬ ಭಯವೊಂದಿದೆ.

ಅನಕ್ಷರಸ್ಥರೆಂದರೆ ಅರಿವಿಲ್ಲದವರು ಎಂಬ ಧೋರಣೆಯೂ ತರಗತಿಗಳನ್ನು ಕೆಡಿಸಿದೆ. ಅಂಕೋಲೆಯ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತದೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಬೀಜ, ಸಸಿಗಳ ಗುಣ ಬಲ್ಲವರಾಗಿದ್ದರು. ಅದೇ ತಾಲ್ಲೂಕಿನ ಸುಕ್ರಿ ಬೊಮ್ಮಗೌಡರ ನೆನಪಿನಲ್ಲಿ ಹಾಲಕ್ಕಿ ಹಾಡುಗಳ ಭಂಡಾರವಿತ್ತು, ಸಾರಾಯಿ ವಿರುದ್ಧದ ಹೋರಾಟಕ್ಕೂ ಅವರು ನಿಂತರು. ಇಬ್ಬರಿಗೂ ಪದ್ಮಶ್ರೀ ಬಂತು. ಇಂಥವರನ್ನು ‘ಅಜ್ಞಾನದ ಕತ್ತಲೆ’ಯ ಭಾಷಣದಿಂದ ಎದುರುಗೊಂಡರೆ ಅವರು ನಾಳೆ ಬರುವುದಿಲ್ಲ. ಹಾಗೆಂದು ಓದು ಬಾರದಿದ್ದರೂ ನಡೆಯುತ್ತದೆ ಎನ್ನುವುದು ಓದಿದವರು ಆಡುವ ಸುಖದ ಮಾತು. ಔಷಧಿ ಅಂಗಡಿಯ ಚೀಟಿ, ಸಾಲದ ಕರಾರು, ಜಮೀನಿನ ಪಹಣಿ ಮುಂದೆ ಕೂತಾಗ ನೆನಪಿನಲ್ಲಿರುವ ಹಾಡು ಉಪಯೋಗಕ್ಕೆ ಬರುವುದಿಲ್ಲ.

ಮನೆಯಲ್ಲಿ ಒಬ್ಬರು ಓದಿದ್ದರೆ ಉಳಿದವರಿಗೂ ಸ್ವಲ್ಪ ಅನುಕೂಲವಾಗುತ್ತದೆ ಎಂದು ಅರ್ಥಶಾಸ್ತ್ರಜ್ಞರಾದ ಕೌಶಿಕ್ ಬಸು, ಜೇಮ್ಸ್ ಫಾಸ್ಟರ್ 1998ರಲ್ಲಿ ಬರೆದಿದ್ದರು. ಓದು ಬಲ್ಲವರು ಯಾರೂ ಇಲ್ಲದ ಮನೆಯ ಅನಕ್ಷರಸ್ಥರನ್ನು ಬೇರೆಯಾಗಿಯೇ ಎಣಿಸಬೇಕು ಎಂಬುದು ಅವರ ಸಲಹೆ. ನಮ್ಮ ಹಳ್ಳಿಗಳಲ್ಲಿ ಈಗ ಈ ಮಾತಿಗೆ ಹೊಸ ಅರ್ಥ ಬಂದಿದೆ. ಓದಿದ ಮಗ ಮಗಳು ಬೆಂಗಳೂರಿನಲ್ಲಿ, ಊರಲ್ಲಿ ಮುದುಕ ಮುದುಕಿ. ಗೃಹಲಕ್ಷ್ಮಿಯ 2000 ರೂಪಾಯಿ ಬಂತೋ ಇಲ್ಲವೋ ಎಂಬ ಮೆಸೇಜು ಫೋನಿನಲ್ಲೇ ಇರುತ್ತದೆ, ಅದನ್ನು ಓದಿಸಲು ಅಜ್ಜಿ ಅಂಗಡಿಯ ಹುಡುಗನನ್ನು ಹುಡುಕಬೇಕು. ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿಗೆ ದುಡ್ಡು ಬೇಡ, ಬಸ್ಸಿನ ಬೋರ್ಡು ಓದಲು ಮಾತ್ರ ಇನ್ನೊಬ್ಬರು ಬೇಕು. ಇದರ ನಡುವೆ ಒಂದು ತಮಾಷೆ ನಡೆದಿದೆ. ನಾಚಿಕೆಯ ಗುರುತಾಗಿದ್ದ ಹೆಬ್ಬೆಟ್ಟು ಆಧಾರ್ ಯಂತ್ರದ ಮೂಲಕ ಮರಳಿ ಬಂದು ಎಲ್ಲರಿಗೂ ಕಡ್ಡಾಯವಾಗಿದೆ. ಮೇಷ್ಟ್ರು, ಕೂಲಿಯವಳು ಇಬ್ಬರೂ ಈಗ ಒಂದೇ ಗಾಜಿನ ಮೇಲೆ ಬೆರಳಿಡುತ್ತಾರೆ. ಸಹಿ ಕಲಿಯಬೇಕೆಂಬ ಹಳೆಯ ಛಲಕ್ಕೆ ಇದು ತಣ್ಣೀರೆರಚಿದೆ ಎಂದು ತರಗತಿ ನಡೆಸುವವರು ಹೇಳುತ್ತಾರೆ, ನಂಬಬಹುದಾದ ಮಾತು.

ಸರ್ಕಾರದ ಕಡೆ ನೋಡಿದರೆ, 2009ರ ಸೆಪ್ಟೆಂಬರ್ 8ರಂದು ಸಾಕ್ಷರ ಭಾರತ ಶುರುವಾಯಿತು. ಗ್ರಾಮ ಪಂಚಾಯಿತಿಗೊಂದು ಲೋಕ ಶಿಕ್ಷಣ ಕೇಂದ್ರ, ಅಲ್ಲಿ ತಿಂಗಳಿಗೆ 2000 ರೂಪಾಯಿ ಗೌರವಧನದ ಪ್ರೇರಕರು, ‘ಬಾಳಿಗೆ ಬೆಳಕು’ ವಾಚಿಕೆ. 2018ರ ಮಾರ್ಚಿಗೆ ಯೋಜನೆ ಮುಗಿಯಿತು, ಪ್ರೇರಕರು ಮನೆಗೆ ಹೋದರು. ಊರಿನ ಯಾವ ಮನೆಯಲ್ಲಿ ಯಾರಿಗೆ ಎಷ್ಟು ಓದು ಬರುತ್ತದೆ ಎಂದು ಬಲ್ಲವರು ಅವರೇ. ಆ ತಿಳಿವಳಿಕೆಯೂ ಅವರೊಂದಿಗೆ ಹೋಯಿತು.

2022ರಿಂದ 2027ರವರೆಗಿನ ನವ ಭಾರತ ಸಾಕ್ಷರತಾ ಕಾರ್ಯಕ್ರಮ, ಅಂದರೆ ಉಲ್ಲಾಸ್, ಗೌರವಧನವನ್ನೇ ಕೈಬಿಟ್ಟು ಪೂರ್ತಿ ಸ್ವಯಂಸೇವೆಯ ಮೇಲೆ ನಿಂತಿದೆ. ಐದು ವರ್ಷಕ್ಕೆ 1037.90 ಕೋಟಿ ರೂಪಾಯಿ, ಗುರಿ ಐದು ಕೋಟಿ ಜನ. ತಲೆಗೆ 200 ರೂಪಾಯಿ ಚಿಲ್ಲರೆ, ಒಂದು ಕನ್ನಡಕಕ್ಕೂ ಸಾಲದು. ಓದು, ಬರಹ, ಲೆಕ್ಕ ತಲಾ 50ರಂತೆ 150 ಅಂಕಗಳ ಪರೀಕ್ಷೆ ಇದೆ. ಗಣತಿದಾರರ ಬಾಯಿಮಾತಿಗಿಂತ ಇದು ಎಷ್ಟೋ ಮೇಲು. ಶೇ. 95 ಮುಟ್ಟಿದರೆ ಪೂರ್ಣ ಸಾಕ್ಷರ ಎಂಬ ಬಿರುದು. 2024ರಲ್ಲಿ ಲಡಾಖ್, 2025ರಲ್ಲಿ ಮಿಜೋರಾಂ, ಗೋವಾ, ತ್ರಿಪುರಾ ಅದನ್ನು ಪಡೆದವು. ಘೋಷಣೆಯಾದ ಮೂರು ವರ್ಷದ ಮೇಲೆ ಅದೇ ಜನರಿಗೆ ಅದೇ ಪ್ರಶ್ನೆಪತ್ರಿಕೆ ಕೊಟ್ಟು ನೋಡುವ ಏರ್ಪಾಡು ಬಿರುದಿನ ಷರತ್ತಿನಲ್ಲಿದ್ದಿದ್ದರೆ ನನಗೆ ಹೆಚ್ಚು ನಂಬಿಕೆ ಬರುತ್ತಿತ್ತು.

ಇತ್ತೀಚಿನ ಪ್ರಯತ್ನಗಳಲ್ಲಿ ನನಗೆ ಹಿಡಿಸಿದ್ದು ಕರ್ನಾಟಕದ ‘ಸಾಕ್ಷರ ಸನ್ಮಾನ’. ಓದು ಬಾರದ ಗ್ರಾಮ ಪಂಚಾಯಿತಿ ಸದಸ್ಯರಿಗೆ ಓದು ಕಲಿಸುವ ಕೆಲಸ ಇದು. ಹರಿಯಾಣ 2015ರಲ್ಲಿ ಶಾಲೆ ಓದದವರು ಪಂಚಾಯಿತಿಗೆ ನಿಲ್ಲುವಂತೆಯೇ ಇಲ್ಲ ಎಂದು ಕಾನೂನು ಮಾಡಿತು, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ರಾಜಸ್ಥಾನವೂ ಅಂಥದ್ದೇ ನಿಯಮ ತಂದು 2019ರಲ್ಲಿ ಹಿಂತೆಗೆದುಕೊಂಡಿತು. ತಮ್ಮದಲ್ಲದ ತಪ್ಪಿಗೆ ದಲಿತ ಹೆಂಗಸರನ್ನು ಕುರ್ಚಿಯಿಂದ ಇಳಿಸುವುದಕ್ಕಿಂತ ಗೆದ್ದು ಬಂದವರಿಗೆ ಕಲಿಸುವುದು ಎಷ್ಟು ನ್ಯಾಯ! ಓದಲು ಅವರಿಗೆ ಗಟ್ಟಿಯಾದ ಕಾರಣವೂ ಇದೆ. ಠರಾವಿನಲ್ಲಿ ಏನು ಬರೆದಿದ್ದಾರೆಂದು ನೋಡದೆ ಸಹಿ ಹಾಕಿದರೆ ನಾಳೆ ತನಿಖೆಗೆ ನಿಲ್ಲಬೇಕಾದವರು ಅವರೇ.

ಓದಲು ಏನಿದೆ ಎಂಬ ಪ್ರಶ್ನೆಗೆ ಉತ್ತರ ಸಿಗಬಹುದಾದ ಜಾಗವೂ ಅದೇ ಪಂಚಾಯಿತಿ ಕಟ್ಟಡದ ಆಸುಪಾಸಿನಲ್ಲಿದೆ. 1965ರ ಗ್ರಂಥಾಲಯ ಕಾಯ್ದೆಯಿಂದ ನಮ್ಮಲ್ಲಿ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರವಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಕಂಪ್ಯೂಟರು, ಬಣ್ಣದ ಗೋಡೆ ಬಂದಿವೆ, ಮಕ್ಕಳು ಬರುತ್ತಿದ್ದಾರೆ, ಸಂತೋಷ. ನಾನು ಹೊಕ್ಕು ನೋಡಿದ ಕೆಲವು ಕೇಂದ್ರಗಳ ಕಪಾಟಿನಲ್ಲಿ ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಯ ಗೈಡುಗಳಿದ್ದವು, ಮಕ್ಕಳ ಕಥೆಗಳಿದ್ದವು, ದೊಡ್ಡ ಕಾದಂಬರಿಗಳಿದ್ದವು. ನಿಮಿಷಕ್ಕೆ ಮೂವತ್ತು ಪದ ಓದುವ ಐವತ್ತರ ಹೆಂಗಸಿಗೆಂದು ದಪ್ಪ ಅಕ್ಷರದಲ್ಲಿ, ಚಿಕ್ಕ ವಾಕ್ಯಗಳಲ್ಲಿ, ಆದರೆ ಮಕ್ಕಳ ಕಥೆಯಲ್ಲದ ಒಂದು ಪುಸ್ತಕವೂ ಇರಲಿಲ್ಲ. ಬಾಗಿಲು ತೆರೆದಿರುವ ಹೊತ್ತೂ ಕೂಲಿಗೆ ಹೋಗುವವರ ಹೊತ್ತಿಗೆ ಕೂಡುವುದಿಲ್ಲ. ಪೇಟೆ ಧಾರಣೆ, ಮಳೆ, ಪಂಚಾಯಿತಿಯ ಕೆಲಸದ ಪಟ್ಟಿ, ಜಾತ್ರೆ, ಒಂದು ಕಥೆ, ಒಂದು ಒಗಟು ಇಷ್ಟನ್ನು ನಾಲ್ಕು ಪುಟದಲ್ಲಿ ಅಚ್ಚುಹಾಕಿ, ಕಲಬುರಗಿಗೆ ಕಲಬುರಗಿಯ ಮಾತಿನಲ್ಲಿ, ಚಾಮರಾಜನಗರಕ್ಕೆ ಅಲ್ಲಿನ ಮಾತಿನಲ್ಲಿ ವಾರಕ್ಕೊಮ್ಮೆ ಅರಿವು ಕೇಂದ್ರಗಳಿಗೂ ಸಂಘಗಳಿಗೂ ಕಳಿಸುವುದು ಲೋಕ ಶಿಕ್ಷಣ ನಿರ್ದೇಶನಾಲಯಕ್ಕೆ ಆಗದ ಕೆಲಸವಲ್ಲ. ಅದನ್ನು ಸಂಪಾದಿಸಲು ಬಲ್ಲ ಹಳೆಯ ಪ್ರೇರಕರು ಜಿಲ್ಲೆ ಜಿಲ್ಲೆಯಲ್ಲೂ ಇದ್ದಾರೆ, ಅವರಲ್ಲಿ ಹಲವರು ಈಗ ಬೇರೆ ದುಡಿಮೆ ಹಿಡಿದಿದ್ದಾರೆ.